ಗುಳ್ಳೆಗಳಿಗೆ ಬೆಲೆ ತಂದ ಓಟ್ಟೊ ಬೇಯರ್

ಬಸ್ಸಿನ ಮೆತ್ತನೆಯ ಸೀಟನ್ನು ಒತ್ತಿದರೆ ಕುಗ್ಗುತ್ತದೆ. ಕೈ ತೆಗೆದರೆ ಮತ್ತೆ ಉಬ್ಬುತ್ತದೆ. ಸೀಟು ಹರಿದಿದ್ದರೆ ಒಳಗಿನ ಸ್ಪಂಜಿನಂಥ ವಸ್ತುವನ್ನು ನೀವು ನೋಡಿರಬಹುದು. ಇದನ್ನು ಫೋಮ್ ಎನ್ನುತ್ತಾರೆ. ಇದು ಪಾಲಿಯುರೆಥೇನ್ ಎಂಬ ವಸ್ತುವಿನಿಂದ ಆಗಿದೆ. ಪಾಲಿಯುರೆಥೇನನ್ನು ಕಂಡುಹಿಡಿದವರು ಜರ್ಮನಿಯ ರಸಾಯನ ವಿಜ್ಞಾನಿ ಓಟ್ಟೊ ಬೇಯರ್.

ಓಟ್ಟೊ ಬೇಯರ್ 1902ರ ನವೆಂಬರ್ 4ರಂದು ಫ್ರಾಂಕ್‌ಫರ್ಟ್ ನಗರದಲ್ಲಿ ಜನಿಸಿದರು. ಅಲ್ಲಿಯ ವಿಶ್ವವಿದ್ಯಾಲಯದಲ್ಲೇ ರಸಾಯನ ವಿಜ್ಞಾನ ಓದಿ 1924ರಲ್ಲಿ ಡಾಕ್ಟರೇಟ್ ಪಡೆದರು. ಬಣ್ಣ ತಯಾರಿಸುವ ಕಂಪನಿಯೊಂದರಲ್ಲಿ ಕೆಲಸ ಆರಂಭಿಸಿದರು. 1930ರ ದಶಕದಲ್ಲಿ ಲೆವರ್‌ಕುಸೆನ್ ಎಂಬ ಊರಿನ ದೊಡ್ಡ ಪ್ರಯೋಗಾಲಯದ ಮುಖ್ಯಸ್ಥರಾದರು. ಆಗ ಅವರ ವಯಸ್ಸು ಮೂವತ್ತರ ಆಸುಪಾಸು. ಆಸ್ಪಿರಿನ್ ಮಾತ್ರೆಗೆ ಹೆಸರಾದ ಬೇಯರ್ ಕಂಪನಿಯ ಸ್ಥಾಪಕರಿಗೂ ಇವರಿಗೂ ಹೆಸರು ಒಂದೇ, ಆದರೆ ನೆಂಟಸ್ತನವಿಲ್ಲ.

ಹೊಸ ಜೋಡಣೆ

1935ರಲ್ಲಿ ಅಮೆರಿಕದಲ್ಲಿ ವ್ಯಾಲೇಸ್ ಕರೋದರ್ಸ್ ನೈಲಾನ್ ತಯಾರಿಸಿದ್ದರು. ಚಿಕ್ಕ ಅಣುಗಳನ್ನು ಹೂವಿನ ಸರದಂತೆ ಜೋಡಿಸಿದರೆ ನೈಲಾನ್‌ನ ಉದ್ದನೆಯ ಅಣು ಸಿಗುತ್ತದೆ. ಆದರೆ ಜೋಡಣೆಯಾದಲ್ಲೆಲ್ಲ ನೀರು ಹೊರಬೀಳುತ್ತದೆ. ಬೇಯರ್ ಬೇರೆ ದಾರಿ ಹುಡುಕಿದರು. ಪಾಲಿಯಾಲ್ ಮತ್ತು ಐಸೊಸೈಯನೇಟ್ ಎಂಬ ಎರಡು ಬಗೆಯ ವಸ್ತುಗಳನ್ನು ಬೆರೆಸಿದರೆ ಅವು ಒಂದಕ್ಕೊಂದು ನೇರವಾಗಿ ಕೂಡಿಕೊಳ್ಳುತ್ತವೆ, ಏನೂ ಹೊರಬೀಳುವುದಿಲ್ಲ. ಹೀಗೆ 1937ರಲ್ಲಿ ಪಾಲಿಯುರೆಥೇನ್ ಹುಟ್ಟಿತು.

ಇದರಿಂದ ಪ್ರಯೋಜನವಿದೆ ಎಂದು ಆರಂಭದಲ್ಲಿ ಹೆಚ್ಚಿನವರು ನಂಬಲಿಲ್ಲ. ಗಟ್ಟಿ ವಸ್ತು ಮಾಡಲು ಹೋದಾಗ ಅದರ ತುಂಬ ಗುಳ್ಳೆಗಳೆದ್ದವು. ರಂಧ್ರಗಳಿರುವ ಗಿಣ್ಣಿನ ನಕಲು ಮಾಡಲಷ್ಟೇ ಇದು ಸರಿ ಎಂದು ಪರೀಕ್ಷೆ ಮಾಡಿದವರು ಹಾಸ್ಯ ಮಾಡಿದರೆಂದು ಹೇಳುತ್ತಾರೆ. ಆದರೆ ಆ ಗುಳ್ಳೆಗಳೇ ಮುಂದೆ ಕೆಲಸಕ್ಕೆ ಬಂದವು. ಐಸೊಸೈಯನೇಟ್‌ಗೆ ನೀರು ತಾಗಿದರೆ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಹುಳಿ ಬಂದ ಇಡ್ಲಿ ಹಿಟ್ಟನ್ನು ಉಬ್ಬಿಸುವುದೂ ಇದೇ ಅನಿಲ. ಬೇಕೆಂದೇ ಸ್ವಲ್ಪ ನೀರು ಸೇರಿಸಿದಾಗ ಹಗುರವಾದ ಫೋಮ್ ಸಿಕ್ಕಿತು.

ಬೇಯರ್ ಅವರ ಪ್ರಯೋಗಾಲಯವಿದ್ದ ಐ.ಜಿ. ಫಾರ್ಬೆನ್ ಕಂಪನಿಯು ಎರಡನೇ ಮಹಾಯುದ್ಧದ ಕಾಲದಲ್ಲಿ ನಾಜಿ ಸರ್ಕಾರದ ಜೊತೆ ಸೇರಿ ಸೆರೆಯಾಳುಗಳನ್ನು ಬಲವಂತವಾಗಿ ದುಡಿಸಿತ್ತು. ಯುದ್ಧ ಮುಗಿದ ಮೇಲೆ ಆ ಕಂಪನಿಯನ್ನು ಒಡೆದು ಬೇರೆ ಬೇರೆ ಮಾಡಲಾಯಿತು. 1950ರ ದಶಕದಲ್ಲಿ ಮೆತ್ತನೆಯ ಫೋಮ್ ದೊಡ್ಡ ಪ್ರಮಾಣದಲ್ಲಿ ತಯಾರಾಗತೊಡಗಿತು. ಹಾಸಿಗೆ, ಕುರ್ಚಿ, ವಾಹನಗಳ ಸೀಟಿಗೆ ಅದು ಬಂತು. ಗಟ್ಟಿ ಫೋಮ್ ಫ್ರಿಜ್ಜಿನ ಗೋಡೆಯೊಳಗೆ ಸೇರಿತು. ಪೋಲಿಯೊ ಲಸಿಕೆಯನ್ನು ತಂಪಾಗಿ ಒಯ್ಯುವ ಡಬ್ಬಿಗಳಲ್ಲೂ ಅದನ್ನು ಬಳಸುತ್ತಾರೆ. ಬೇಯರ್ 1982ರ ಆಗಸ್ಟ್ 1ರಂದು ನಿಧನರಾದರು.

ಹಳೆಯ ಫೋಮ್ ಎಲ್ಲಿಗೆ?

ನಮ್ಮ ದೇವದುರ್ಗ, ಮಾನ್ವಿ ತಾಲ್ಲೂಕುಗಳಲ್ಲಿ ಹತ್ತಿ ಬೆಳೆಯುತ್ತಾರೆ. ಹತ್ತಿಯ ಗಾದಿ ಹಳತಾಗಿ ಗಂಟು ಕಟ್ಟಿದರೆ ಪಿಂಜಾರರು ಹತ್ತಿಯನ್ನು ಹಿಂಜಿ ಮತ್ತೆ ತುಂಬಿಕೊಡುತ್ತಾರೆ. ಹಳೆಯ ಸೀರೆ, ಧೋತರಗಳು ಕೌದಿಯಾಗುತ್ತವೆ. ಫೋಮ್ ಗಾದಿಯನ್ನು ಹೀಗೆ ಹಿಂಜಲು ಬರುವುದಿಲ್ಲ. ಪಾಲಿಥೀನ್‌ನಂತೆ ಕರಗಿಸಿ ಅಚ್ಚು ಹಾಕಲೂ ಆಗದು. ಏಕೆ? ಫೋಮಿನ ಅಣುಸರಗಳು ಬಲೆಯಂತೆ ಒಂದಕ್ಕೊಂದು ಗಂಟು ಬಿದ್ದಿರುತ್ತವೆ. ಕಾಯಿಸಿದರೆ ಅದು ಕರಗಿ ಹರಿಯುವುದಿಲ್ಲ, ಕೆಟ್ಟುಹೋಗುತ್ತದೆ. ಬೇಯರ್ ಕೂಡಿಸಿದ ಆ ಗಟ್ಟಿ ಬೆಸುಗೆಯೇ ಫೋಮಿನ ಗುಣ. ಅದೇ ಈಗ ತೊಡಕು ಕೂಡ.

ಈ ತೊಡಕಿಗೆ ಎರಡು ಪರಿಹಾರಗಳಿವೆ. ಮೊದಲನೆಯದು ಸರಳ. ಫೋಮ್ ಚೂರುಗಳನ್ನು ಸಣ್ಣಗೆ ತುಂಡರಿಸಿ, ಅಂಟು ಬೆರೆಸಿ, ಅಚ್ಚಿನಲ್ಲಿ ಒತ್ತಿ ಹಬೆ ಹಾಯಿಸುತ್ತಾರೆ. ಬಣ್ಣಬಣ್ಣದ ಚುಕ್ಕೆಗಳಿರುವ ದಪ್ಪ ಹಲಗೆ ಸಿಗುತ್ತದೆ. ಗಟ್ಟಿ ಹಾಸಿಗೆ, ವ್ಯಾಯಾಮದ ಚಾಪೆ, ನೆಲಹಾಸಿನ ಅಡಿಪದರ ಇದರಿಂದಾಗುತ್ತವೆ. ಕಾರ್ಖಾನೆಯಲ್ಲಿ ಉಳಿಯುವ ತುಂಡುಗಳನ್ನು ಹೀಗೆ ಬಳಸುವುದು ಭಾರತದಲ್ಲೂ ರೂಢಿಯಲ್ಲಿದೆ.

ಎರಡನೆಯದು ರಾಸಾಯನಿಕ ವಿಧಾನ. ಫೋಮನ್ನು ಗ್ಲೈಕಾಲ್ ಎಂಬ ದ್ರವದಲ್ಲಿ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದರೆ ಬೆಸುಗೆಗಳು ಬಿಡುತ್ತವೆ. ಹೊಸ ಫೋಮ್ ಮಾಡಲು ಬೇಕಾದ ಪಾಲಿಯಾಲ್ ಮರಳಿ ಸಿಗುತ್ತದೆ. 2021ರಲ್ಲಿ ಕೊವೆಸ್ಟ್ರೊ ಕಂಪನಿ ಹಳೆಯ ಹಾಸಿಗೆಗಳ ಫೋಮಿನಿಂದ ಮೂಲ ವಸ್ತುಗಳೆರಡನ್ನೂ ಮರಳಿ ಪಡೆಯಲು ಒಂದು ಪ್ರಾಯೋಗಿಕ ಘಟಕ ಆರಂಭಿಸಿತು. ಅದು ಇರುವ ಊರು ಯಾವುದು ಗೊತ್ತೆ? ಲೆವರ್‌ಕುಸೆನ್! ಬೇಯರ್ ಅಣುಗಳನ್ನು ಕೂಡಿಸಿದ ಊರಿನಲ್ಲೇ ಈಗ ಅವನ್ನು ಬಿಡಿಸುವ ಕೆಲಸ ನಡೆದಿದೆ. ಇದು ಇನ್ನೂ ಖರ್ಚಿನ ಕೆಲಸ. ಕಡಿಮೆ ಶಾಖದಲ್ಲಿ, ಕಡಿಮೆ ಖರ್ಚಿನಲ್ಲಿ ಮಾಡುವ ದಾರಿಯನ್ನು ಮುಂದೆ ನಿಮ್ಮಲ್ಲೊಬ್ಬರು ಕಂಡುಹಿಡಿಯಬಹುದು.

ನೆನಪಿಡಿ: ಹಳೆಯ ಫೋಮನ್ನು ಎಂದೂ ಸುಡಬೇಡಿ. ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸೈಯನೈಡ್‌ನಂಥ ವಿಷಾನಿಲಗಳಿರುತ್ತವೆ.

ಮಾಡಿ ನೋಡಿ: ಫೋಮಿನ ಒಂದು ತುಂಡನ್ನು ಭೂತಗನ್ನಡಿಯಲ್ಲಿ ನೋಡಿ. ಗುಳ್ಳೆಗಳ ಗೂಡು ಕಾಣುತ್ತದೆಯೆ? ಅದರ ಚಿತ್ರ ಬರೆಯಿರಿ. ನಿಮ್ಮೂರಿನಲ್ಲಿ ಹಳೆಯ ಗಾದಿ, ಸೀಟುಗಳು ಎಲ್ಲಿಗೆ ಹೋಗುತ್ತವೆ ಎಂದು ಹಿರಿಯರನ್ನು ಕೇಳಿ ಪಟ್ಟಿ ಮಾಡಿ.