ಹೊಲವನ್ನೇ ಪಾಠಶಾಲೆಯಾಗಿಸಿದ ಸೀಮನ್ ನ್ಯಾಪ್

ಒಕ್ಕಲಿಗನಿಗೆ ಒಕ್ಕಲುತನವನ್ನು ಕಲಿಸಲು ಹೊರಡುವುದು ಎಷ್ಟು ಕಠಿಣವಾದ ಕಾರ್ಯವೆಂಬುದನ್ನು ಅದಕ್ಕೆ ಕೈಹಾಕಿದವರೇ ಬಲ್ಲರು. ತಂದೆ ತಾತಂದಿರ ಕಾಲದಿಂದ ಉತ್ತು ಬಿತ್ತಿ ಬಂದವನು ಪಟ್ಟಣದಿಂದ ಬಂದ ಪಂಡಿತನ ಮಾತನ್ನು ಗೌರವದಿಂದಲೇ ಕೇಳುತ್ತಾನೆ. ಕೇಳಿ, ಮರುದಿನ ತನ್ನ ಹಳೆಯ ಪದ್ಧತಿಯಂತೆಯೇ ರಂಟೆ ಹೂಡುತ್ತಾನೆ. ಇದರಲ್ಲಿ ಅವನ ತಪ್ಪೇನೂ ಇಲ್ಲ. ಪಂಡಿತನ ಮಾತು ಸುಳ್ಳಾದರೆ ಪಂಡಿತನ ಸಂಬಳ ನಿಲ್ಲುವುದಿಲ್ಲ; ಒಕ್ಕಲಿಗನ ಮನೆಯ ಒಲೆ ಮಾತ್ರ ಆರುತ್ತದೆ. ಈ ಸೂಕ್ಷ್ಮವನ್ನು ಚೆನ್ನಾಗಿ ಅರಿತು, ಅದಕ್ಕೆ ತಕ್ಕ ಉಪಾಯವನ್ನು ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ ಕಂಡುಕೊಂಡ ಮಹನೀಯರು ಅಮೆರಿಕದ ಸೀಮನ್ ಅಸಾಹೆಲ್ ನ್ಯಾಪ್ ಅವರು.

ನ್ಯಾಪ್ ಅವರು 1833ನೆಯ ಇಸವಿ ಡಿಸೆಂಬರ್ 16ರಂದು ನ್ಯೂಯಾರ್ಕ್ ಸಂಸ್ಥಾನದ ಗುಡ್ಡಗಾಡಿನಲ್ಲಿರುವ ಸ್ಕ್ರೂನ್ ಎಂಬ ಊರಿನಲ್ಲಿ ಜನಿಸಿದರು. ತಂದೆ ವೈದ್ಯರು. ಮಗನು ಯೂನಿಯನ್ ಕಾಲೇಜಿನಲ್ಲಿ ಓದಿ, 1856ರಲ್ಲಿ ಪದವೀಧರನಾಗಿ, ಅದೇ ವರ್ಷ ಮರಿಯಾ ಹಾಚ್‌ಕಿಸ್ ಎಂಬ ಸಾಧ್ವಿಯನ್ನು ವರಿಸಿ, ಶಾಲಾಮಾಸ್ತರಿಕೆಯಲ್ಲಿ ತೊಡಗಿದನು. ಹೀಗೆಯೇ ಮುಂದುವರಿದಿದ್ದರೆ ಒಬ್ಬ ಒಳ್ಳೆಯ ಉಪಾಧ್ಯಾಯರೆಂದು ನಾಲ್ಕೂರಿನ ಜನ ನೆನೆಯುತ್ತಿದ್ದರೇನೋ. ಆದರೆ ಮೂವತ್ತೆರಡರ ಪ್ರಾಯದಲ್ಲಿ ಮೊಣಕಾಲಿಗೆ ಬಲವಾದ ಪೆಟ್ಟು ಬಿದ್ದು, ಅವರು ವರ್ಷಗಟ್ಟಲೆ ಊರುಗೋಲಿನ ಆಶ್ರಯದಲ್ಲಿರಬೇಕಾಯಿತು. 1866ರಲ್ಲಿ ಹೆಂಡತಿ ಮಕ್ಕಳೊಡನೆ ಪಶ್ಚಿಮದ ಅಯೋವಾ ಸಂಸ್ಥಾನಕ್ಕೆ ಹೋಗಿ, ಹೊಲವನ್ನು ಕೊಂಡು, ಮೆರಿನೋ ಜಾತಿಯ ಕುರಿಗಳನ್ನು ಸಾಕಿದರು. ಬಂದ ಚಳಿಗಾಲ ಅತಿ ಘೋರವಾಗಿದ್ದಿತು. ಕುರಿಗಳು ಸತ್ತವು. ಊರುಗೋಲಿನ ಮೇಲೆ ನಿಂತು ತನ್ನ ಹಿಂಡು ಸಾಯುವುದನ್ನು ನೋಡಿದ ಮನುಷ್ಯನು ಮುಂದೆ ಬೇರೆಯವರ ನಷ್ಟವನ್ನು ಲಘುವಾಗಿ ಎಣಿಸಲಾರ. ಅವರ ಮುಂದಿನ ಕಾರ್ಯದ ಬೀಜ ಇಲ್ಲಿಯೇ ಬಿದ್ದಿತೆಂದು ನಾವು ಭಾವಿಸುತ್ತೇವೆ.

ತರುವಾಯ ಅವರು ವಿಂಟನ್ ಎಂಬ ಊರಿನಲ್ಲಿ ಕೆಲಕಾಲ ಧರ್ಮೋಪದೇಶಕರಾಗಿದ್ದರು. 1869ರಿಂದ 1875ರವರೆಗೆ ಅಲ್ಲಿಯ ಅಂಧ ಮಕ್ಕಳ ಶಾಲೆಯ ಮೇಲ್ವಿಚಾರಕರಾಗಿದ್ದರು. ಕ್ರಮೇಣ ಕಾಲು ಚೇತರಿಸಿತು. ಪುನಃ ಹೊಲಕ್ಕೆ ಹೋಗಿ ಉತ್ತಮ ತಳಿಯ ಜಾನುವಾರುಗಳನ್ನು ಬೆಳೆಸಿ, ಆ ವಿಷಯವಾಗಿ ಪತ್ರಿಕೆಯನ್ನೂ ನಡೆಸಿದರು. 1879ರಲ್ಲಿ ಏಮ್ಸ್ ಪಟ್ಟಣದ ಅಯೋವಾ ಕೃಷಿ ಕಾಲೇಜು ಅವರನ್ನು ಕೃಷಿಶಾಸ್ತ್ರದ ಪ್ರಾಧ್ಯಾಪಕರನ್ನಾಗಿ ಕರೆಯಿತು. 1883ರಲ್ಲಿ ಅಲ್ಲಿಯ ಅಧ್ಯಕ್ಷರೂ ಆದರು. ಪ್ರತಿಯೊಂದು ಸಂಸ್ಥಾನದಲ್ಲಿಯೂ ಸರಕಾರದ ಧನದಿಂದ ಕೃಷಿ ಸಂಶೋಧನ ಕೇಂದ್ರವಿರಬೇಕೆಂಬ ಮಸೂದೆಯೊಂದನ್ನು ಅವರು 1882ರಲ್ಲಿಯೇ ಬರೆದಿದ್ದರು. ಅದು ಆಗ ಅಂಗೀಕೃತವಾಗಲಿಲ್ಲ; 1887ರಲ್ಲಿ ಹ್ಯಾಚ್ ಶಾಸನವೆಂಬ ಹೆಸರಿನಿಂದ ಅದೇ ಆಶಯ ಕಾಯಿದೆಯಾಯಿತು.

ಅಷ್ಟರಲ್ಲಿ ನ್ಯಾಪ್ ಅವರು ಕಾಲೇಜನ್ನು ಬಿಟ್ಟು ದಕ್ಷಿಣದ ಲೂಸಿಯಾನಾ ಸಂಸ್ಥಾನಕ್ಕೆ ಹೋಗಿಯಾಗಿತ್ತು. ಅಲ್ಲಿ ಒಂದು ಕಂಪನಿಯು ಲಕ್ಷಾಂತರ ಎಕರೆ ಬಯಲು ಭೂಮಿಯನ್ನು ಕೊಂಡಿತ್ತು. ಆ ನೆಲದಲ್ಲಿ ಏನೂ ಬೆಳೆಯುವುದಿಲ್ಲವೆಂದು ಅಲ್ಲಿಯ ಜನರ ನಂಬಿಕೆ. ಜಾಹೀರಾತಿಗೂ ಉಪನ್ಯಾಸಕ್ಕೂ ಅವರು ಜಗ್ಗಲಿಲ್ಲ. ಆಗ ನ್ಯಾಪ್ ಅವರಿಗೆ ಒಂದು ಉಪಾಯ ಹೊಳೆಯಿತು. ಅಯೋವಾದ ಕಡೆಯ ಸಮರ್ಥ ಒಕ್ಕಲಿಗರನ್ನು ಕರೆತಂದು, ಕೆಲವು ಮೈಲಿಗಳಿಗೊಬ್ಬನಂತೆ ನೆಲೆಗೊಳಿಸಿ, ಅವರಿಗೆ ಅನುಕೂಲವಾದ ಕರಾರುಗಳಿಂದ ಭೂಮಿ ಕೊಟ್ಟು, ಬೆಳೆ ಬೆಳೆದು ತೋರಿಸಲು ಬಿಟ್ಟರು. ನೆರೆಯವನ ಗದ್ದೆಯಲ್ಲಿ ಬತ್ತ ತೂಗಾಡುವುದನ್ನು ಕಂಡ ಬಳಿಕ ಜನರಿಗೆ ಬೇರೆ ಪ್ರಮಾಣ ಬೇಕಾಗಲಿಲ್ಲ. ಇದೇ ಬತ್ತದ ನಿಮಿತ್ತವಾಗಿ, ಅಯೋವಾದ ಹಳೆಯ ಗೆಳೆಯರೂ ಆಗ ದೇಶದ ಕೃಷಿಮಂತ್ರಿಗಳೂ ಆಗಿದ್ದ ಜೇಮ್ಸ್ ವಿಲ್ಸನ್ನರು ಅವರನ್ನು 1898ರಲ್ಲಿ ಜಪಾನಿಗೆ ಕಳುಹಿಸಿದರು. ಗಿರಣಿಯಲ್ಲಿ ನುಚ್ಚಾಗದೆ ಇಡಿಯಾಗಿ ಉಳಿಯುವ ಕ್ಯೂಶೂ ಬತ್ತದ ಬೀಜವನ್ನು ಅವರು ಅಲ್ಲಿಂದ ತಂದರು.

ಇಷ್ಟಾಗುವಾಗ ಅವರಿಗೆ ಅರುವತ್ತೈದು ದಾಟಿತ್ತು. ಮನೆಯಲ್ಲಿ ಕುಳಿತು ವಿಶ್ರಮಿಸಬಹುದಾಗಿದ್ದ ಕಾಲ. ಆದರೆ ಅದೇ ವೇಳೆಗೆ ಅಮೆರಿಕದ ದಕ್ಷಿಣ ಸಂಸ್ಥಾನಗಳ ಹತ್ತಿಯ ಸೀಮೆಗೆ ಮಹಾ ವಿಪತ್ತೊಂದು ಬಂದಿತ್ತು. ಹತ್ತಿಕಾಯಿಯ ಮೂತಿಹುಳು ಎಂಬ ಚಿಕ್ಕ ಕೀಟವು 1892ರ ಸುಮಾರಿಗೆ ಮೆಕ್ಸಿಕೋ ದೇಶದಿಂದ ಗಡಿ ದಾಟಿ ಟೆಕ್ಸಾಸನ್ನು ಹೊಕ್ಕಿತು. ಅದು ತನ್ನ ಉದ್ದನೆಯ ಮೂತಿಯಿಂದ ಮೊಗ್ಗನ್ನು ಕೊರೆದು ಒಳಗೆ ತತ್ತಿಯಿಡುತ್ತದೆ, ಮರಿ ಒಳಗಿನಿಂದ ತಿನ್ನುತ್ತದೆ, ಮೊಗ್ಗು ಉದುರುತ್ತದೆ. ಹೊಲವು ಹಸುರಾಗಿಯೇ ಕಾಣುತ್ತದೆ, ಅರಳೆ ಮಾತ್ರ ಕೈಗೆ ಬರುವುದಿಲ್ಲ. ಹತ್ತಿಯೊಂದನ್ನೇ ನಂಬಿ ಅಂಗಡಿಯವನಲ್ಲಿ ವರ್ಷದ ಕಾಳುಕಡಿಗೆ ಸಾಲ ಮಾಡುವ ಒಕ್ಕಲಿಗನ ಗತಿ ಏನಾಗಬೇಕು? ಸಾಹುಕಾರರು ಸಾಲ ಕೊಡುವುದನ್ನು ನಿಲ್ಲಿಸಿದರು. ಎಷ್ಟೋ ಸಂಸಾರಗಳು ಹೊಲ ಮನೆಗಳನ್ನು ಬಿಟ್ಟು ಹೊರಟುಹೋದವು. ಹತ್ತಿಯ ಬೆಲೆಯ ಮೇಲೆಯೇ ಮದುವೆ ಮುಂಜಿಗಳ ಲೆಕ್ಕ ಹಾಕುವ ನಮ್ಮ ಕರಿಮಣ್ಣಿನ ನಾಡಿನ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸರಕಾರವು ತನ್ನ ಖರ್ಚಿನಿಂದ ಕೆಲವು ಮಾದರಿ ಹೊಲಗಳನ್ನು ನಡೆಸಿ ನೋಡಿತ್ತು. ಅವುಗಳಿಂದ ಬಹಳ ಪ್ರಯೋಜನವಾಗಲಿಲ್ಲ. ಸರಕಾರದ ಬೊಕ್ಕಸ ಹಿಂದಿದ್ದರೆ ಯಾರಾದರೂ ಬೆಳೆದಾರು ಎಂದು ಜನ ನಕ್ಕು ಹೋದರು. ಆ ನಗೆಯಲ್ಲಿ ನ್ಯಾಯವಿದೆಯೆಂದು ಒಪ್ಪಿಕೊಂಡದ್ದೇ ನ್ಯಾಪ್ ಅವರ ದೊಡ್ಡತನ. 1903ನೆಯ ಫೆಬ್ರವರಿಯಲ್ಲಿ ಅವರು ಟೆಕ್ಸಾಸಿನ ಟೆರೆಲ್ ಎಂಬ ಪಟ್ಟಣಕ್ಕೆ ಹೋಗಿ, ಊರಿನ ವರ್ತಕರನ್ನೂ ಒಕ್ಕಲಿಗರನ್ನೂ ಸೇರಿಸಿ, ತಮ್ಮ ಯೋಜನೆಯನ್ನು ಮುಂದಿಟ್ಟರು. ಹೊಲ ಸರಕಾರದ್ದಲ್ಲ, ಊರಿನ ಒಬ್ಬ ಒಕ್ಕಲಿಗನದೇ. ದುಡಿಮೆ ಅವನದು, ಬೀಜ ಅವನದು, ಬಂದ ಲಾಭವೂ ಅವನದೇ. ಸರಕಾರದಿಂದ ಬರುವುದು ಬುದ್ಧಿವಾದ ಮಾತ್ರ. ನಷ್ಟವಾದರೆ ತುಂಬಿಕೊಡಲೆಂದು ಊರವರೇ ವಂತಿಗೆ ಹಾಕಿ ಸುಮಾರು ಸಾವಿರ ಡಾಲರುಗಳ ನಿಧಿಯನ್ನು ಕಾದಿರಿಸಬೇಕು. ವಾಲ್ಟರ್ ಪೋರ್ಟರ್ ಎಂಬವರು ತಮ್ಮ ಹೊಲದಲ್ಲಿ ಎಪ್ಪತ್ತು ಎಕರೆಯನ್ನು ಈ ಪರೀಕ್ಷೆಗೆ ಒಡ್ಡಿದರು.

ಹೇಳಿಕೊಟ್ಟ ವಿಧಾನದಲ್ಲಿ ಇಂದ್ರಜಾಲವೇನೂ ಇರಲಿಲ್ಲ. ಬೇಗ ಫಲಿಸುವ ಹತ್ತಿಯ ಜಾತಿಯನ್ನು ಆರಿಸುವುದು. ಹದ ನೋಡಿ ಬೇಗನೆ ಬಿತ್ತುವುದು. ಸಾಲುಗಳ ನಡುವೆ ಗಾಳಿ ಬಿಸಿಲು ಆಡುವಂತೆ ಅಂತರ ಬಿಡುವುದು. ಮೇಲಿಂದ ಮೇಲೆ ಎಡೆ ಹೊಡೆಯುವುದು. ಉದುರಿದ ಮೊಗ್ಗುಗಳನ್ನು ಆಯ್ದು ಸುಡುವುದು. ಬೆಳೆ ಮುಗಿದೊಡನೆ ಹತ್ತಿಕಟ್ಟಿಗೆಯನ್ನು ಹೊಲದಲ್ಲಿ ನಿಲ್ಲಗೊಡದೆ ನಾಶಮಾಡುವುದು. ಹುಳು ಬಲಿಯುವುದಕ್ಕೆ ಮುಂಚೆಯೇ ಕಾಯಿ ಬಲಿಯಲಿ ಎಂಬುದಷ್ಟೇ ಇದರ ಒಳಗುಟ್ಟು. ವರ್ಷದ ಕೊನೆಗೆ ಪೋರ್ಟರರು ಲೆಕ್ಕ ನೋಡಿದರು. ಹಳೆಯ ಪದ್ಧತಿಯಿಂದ ಬರುತ್ತಿದ್ದುದಕ್ಕಿಂತ ಏಳುನೂರು ಡಾಲರು ಹೆಚ್ಚಾಗಿ ಬಂದಿತ್ತು. ಊರವರು ಕಾದಿರಿಸಿದ್ದ ನಿಧಿಯನ್ನು ಮುಟ್ಟುವ ಪ್ರಸಂಗವೇ ಬರಲಿಲ್ಲ. ಮರುವರ್ಷ, ಅಂದರೆ 1904ರಲ್ಲಿ, ಅಮೆರಿಕದ ಶಾಸನಸಭೆಯು ಮೂತಿಹುಳುವಿನ ನಿವಾರಣೆಗಾಗಿ ಹಣ ಮಂಜೂರು ಮಾಡಿದಾಗ, ಅದರಲ್ಲಿ ಒಂದು ಪಾಲನ್ನು ಈ ಪ್ರಾತ್ಯಕ್ಷಿಕೆಯ ಕಾರ್ಯಕ್ಕೆ ಕೊಡಲಾಯಿತು.

ಊರೂರಿಗೆ ಹೋಗಿ ಈ ಕೆಲಸ ಮಾಡಿಸಲು ನ್ಯಾಪ್ ಅವರು ಆರಿಸಿಕೊಂಡವರು ಪದವೀಧರರಲ್ಲ, ಆ ಸೀಮೆಯಲ್ಲಿಯೇ ಚೆನ್ನಾಗಿ ಒಕ್ಕಲುತನ ಮಾಡಿ ನೆರೆಹೊರೆಯವರ ವಿಶ್ವಾಸ ಗಳಿಸಿದವರು. ಕಠಿಣ ಶಬ್ದಗಳನ್ನಾಡಬಾರದು, ಹೊಲದವನಿಗಿಂತ ತಾನು ಹೆಚ್ಚಿನವನೆಂದು ತೋರಿಸಿಕೊಳ್ಳಬಾರದು, ಬಂದ ಕೀರ್ತಿಯನ್ನು ಬೆಳೆದವನಿಗೇ ಬಿಡಬೇಕು ಎಂಬುದು ಅವರ ಕಟ್ಟಪ್ಪಣೆ. 1906ನೆಯ ನವೆಂಬರ್ 12ರಂದು ಟೆಕ್ಸಾಸಿನ ಸ್ಮಿತ್ ಕೌಂಟಿಯು ಸ್ಟಾಲಿಂಗ್ಸ್ ಎಂಬವರನ್ನು ತನ್ನ ಕೃಷಿ ಪ್ರತಿನಿಧಿಯಾಗಿ ನೇಮಿಸಿಕೊಂಡಿತು. ಕೌಂಟಿಯೆಂದರೆ ನಮ್ಮ ತಾಲ್ಲೂಕು ಜಿಲ್ಲೆಗಳಂತೆ ಒಂದು ಆಡಳಿತ ವಿಭಾಗ. ಒಂದೇ ಕೌಂಟಿಗೆ ಮೀಸಲಾದ ಮೊದಲನೆಯ ಪ್ರತಿನಿಧಿ ಅವರು. ಅದೇ ತಿಂಗಳು ಅಲಬಾಮಾ ಸಂಸ್ಥಾನದ ಟಸ್ಕೀಗಿಯಲ್ಲಿ, ಬೂಕರ್ ವಾಷಿಂಗ್ಟನ್ನರ ವಿದ್ಯಾಸಂಸ್ಥೆಯ ಆಶ್ರಯದಲ್ಲಿ, ಥಾಮಸ್ ಕ್ಯಾಂಬೆಲ್ ಎಂಬ ನೀಗ್ರೋ ತರುಣರು ತಮ್ಮ ಜನರ ನಡುವೆ ಅಂಥ ಪ್ರಥಮ ಪ್ರತಿನಿಧಿಯಾದರು. ಬೀಜ, ನೇಗಿಲು, ಬೆಣ್ಣೆ ಕಡೆಯುವ ಸಾಧನಗಳನ್ನು ಹೇರಿಕೊಂಡು ಊರೂರು ತಿರುಗುವ ಜೆಸಪ್ ಬಂಡಿಯನ್ನು ಅವರು ನಡೆಸಿದರು. ಆದರೆ ಕರಿಯರಿಗೂ ಬಿಳಿಯರಿಗೂ ಪಂಕ್ತಿಭೇದವಿದ್ದ ಕಾಲವದು. ಕರಿಯ ಒಕ್ಕಲಿಗರ ಪಾಲಿಗೆ ಬಂದ ಪ್ರತಿನಿಧಿಗಳೂ ಹಣವೂ ಕಡಿಮೆಯೇ. ನ್ಯಾಪ್ ಅವರ ಏರ್ಪಾಡು ಆ ಭೇದವನ್ನು ಅಳಿಸಲಿಲ್ಲವೆಂಬುದನ್ನು ಮರೆಮಾಚಬಾರದು.

ಇನ್ನು ಮಕ್ಕಳ ವಿಷಯ. ಅವರ ಕಾರ್ಯಗಳಲ್ಲಿ ನಮಗೆ ಅತ್ಯಂತ ಪ್ರಿಯವಾದುದು ಇದೇ. ಮಿಸಿಸಿಪಿ ಸಂಸ್ಥಾನದ ಹೋಮ್ಸ್ ಕೌಂಟಿಯ ಶಾಲಾಧಿಕಾರಿಗಳಾದ ವಿಲಿಯಂ ಸ್ಮಿತ್ ಎಂಬವರು 1907ರಲ್ಲಿ ಹುಡುಗರ ಗೋವಿನಜೋಳದ ಸಂಘವನ್ನು ಕಟ್ಟಿದರು. ನ್ಯಾಪ್ ಅವರು ಅದಕ್ಕೆ ಕೂಡಲೆ ಬೆಂಬಲವಿತ್ತು, ದಕ್ಷಿಣದ ಸಂಸ್ಥಾನಗಳಿಗೆಲ್ಲ ಹಬ್ಬಿಸಿದರು. ಹತ್ತರಿಂದ ಹದಿನೆಂಟು ವರ್ಷದ ಹುಡುಗನಿಗೆ ತಂದೆಯ ಹೊಲದಲ್ಲಿ ಒಂದು ಎಕರೆ. ಉಳುವುದು, ಬಿತ್ತುವುದು, ಕೊಯ್ಯುವುದು ಎಲ್ಲ ಅವನದೇ ಹೊಣೆ. ಅಷ್ಟಕ್ಕೇ ಮುಗಿಯಲಿಲ್ಲ: ಲೆಕ್ಕವನ್ನೂ ಅವನೇ ಬರೆಯಬೇಕು. ಎಕರೆಗೆ ಐದು ಡಾಲರು ಗೇಣಿ, ತನ್ನ ದುಡಿಮೆಗೆ ಗಂಟೆಗೆ ಹತ್ತು ಸೆಂಟು, ಕುದುರೆಯ ದುಡಿಮೆಗೆ ಐದು ಸೆಂಟು ಎಂದು ಖರ್ಚು ಹಾಕಿ, ನಿಜವಾದ ಲಾಭವನ್ನು ತೋರಿಸಬೇಕು. ನೂರು ಅಂಕಗಳಲ್ಲಿ ಇಳುವರಿಗೆ ಮೂವತ್ತು, ಲಾಭಕ್ಕೆ ಮೂವತ್ತು, ಆರಿಸಿ ತಂದ ಹತ್ತು ತೆನೆಗಳ ಅಂದಕ್ಕೆ ಇಪ್ಪತ್ತು, ಹೇಗೆ ಬೆಳೆದೆನೆಂದು ಬರೆದ ಪ್ರಬಂಧಕ್ಕೆ ಇಪ್ಪತ್ತು. ಗೊಬ್ಬರವನ್ನು ಮಿತಿಮೀರಿ ಸುರಿದು ರಾಶಿ ದೊಡ್ಡದು ಮಾಡಿದವನು ಲಾಭದ ಅಂಕದಲ್ಲಿ ಸೋಲುತ್ತಿದ್ದನು. ತಂದೆಗೆ ಸಾಲದ ಲೆಕ್ಕವನ್ನು ಅಂಗಡಿಯವನೇ ಬರೆದಿಡುತ್ತಿದ್ದ ಮನೆಗಳಲ್ಲಿ, ಮಗನು ತನ್ನ ಎಕರೆಯ ಲೆಕ್ಕವನ್ನು ತಾನೇ ಬರೆಯತೊಡಗಿದನೆಂದರೆ ಅದು ಸಣ್ಣ ಮಾತಲ್ಲ.

ಸುಗ್ಗಿ ಮುಗಿದ ಮೇಲೆ ಹುಡುಗರು ತಮ್ಮ ತೆನೆಗಳನ್ನು ಕೌಂಟಿಯ ಕೃಷಿ ಜಾತ್ರೆಗೆ ಒಯ್ಯುವರು. ಈ ಜಾತ್ರೆಗಳು ಆ ದೇಶದಲ್ಲಿ 1811ರಿಂದ, ಎಲ್ಕಾನಾ ವಾಟ್ಸನ್ನರು ಮ್ಯಾಸಚೂಸೆಟ್ಸ್ ಸಂಸ್ಥಾನದ ಪಿಟ್ಸ್‌ಫೀಲ್ಡಿನಲ್ಲಿ ಕೃಷಿಸಂಘವನ್ನು ಸ್ಥಾಪಿಸಿದಂದಿನಿಂದ ಬೆಳೆದು ಬಂದವು. ನಮ್ಮ ಜಾತ್ರೆಗಳಲ್ಲಿ ತೇರಿನ ಬಯಲಿನ ಪಕ್ಕದಲ್ಲಿ ದನಗಳ ಸಂತೆ ಕೂಡುವಂತೆ, ಅಲ್ಲಿ ದನ, ಕಾಳು, ಹಣ್ಣು, ಹೆಂಗಸರ ಕೈಕೆಲಸಗಳನ್ನೆಲ್ಲ ಸಾಲಾಗಿ ಇಟ್ಟು, ತಿಳಿದವರು ತೂಗಿ ನೋಡಿ ಬಹುಮಾನ ಹಂಚುವರು. ಹಿರಿಯರ ರಾಶಿಯ ಪಕ್ಕದಲ್ಲಿ ಹನ್ನೆರಡರ ಬಾಲಕನ ಹತ್ತು ತೆನೆಗಳು! ನೋಡಿದ ತಂದೆಗೆ ಮೊದಲು ಹೆಮ್ಮೆ, ಆಮೇಲೆ ಕೊಂಚ ನಾಚಿಕೆ, ಮರುವರ್ಷ ಮಗನಲ್ಲಿ ಬೀಜದ ವಿಚಾರಣೆ. ಮುದುಕರನ್ನು ತಿದ್ದಲು ಮಕ್ಕಳೇ ತಕ್ಕ ಗುರುಗಳೆಂದು ನ್ಯಾಪ್ ಅವರು ಮನಗಂಡಿದ್ದರು. 1909ರಲ್ಲಿ ನಾಲ್ಕು ಸಂಸ್ಥಾನಗಳ ವಿಜೇತ ಬಾಲಕರನ್ನು ರಾಜಧಾನಿಯಾದ ವಾಷಿಂಗ್ಟನ್ನಿಗೆ ಕರೆಸಿ, ಕೃಷಿಮಂತ್ರಿಗಳ ಕೈಯಿಂದ ಪ್ರಶಸ್ತಿಪತ್ರ ಕೊಡಿಸಿದರು. 1910ರಲ್ಲಿ ದಕ್ಷಿಣ ಕೆರೊಲಿನದ ಜೆರಿ ಮೂರ್ ಎಂಬ ಹುಡುಗನು ತನ್ನ ಒಂದೇ ಎಕರೆಯಲ್ಲಿ ಇನ್ನೂರ ಇಪ್ಪತ್ತೆಂಟೂಮುಕ್ಕಾಲು ಬುಷೆಲ್, ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 58 ಕ್ವಿಂಟಾಲ್ ಜೋಳ ಬೆಳೆದನು. ಆ ವರ್ಷ ಸಂಘಗಳಲ್ಲಿ ಸುಮಾರು 46,000 ಹುಡುಗರಿದ್ದರು. ಅದೇ ವರ್ಷ ಅದೇ ಸಂಸ್ಥಾನದ ಏಕನ್ ಕೌಂಟಿಯಲ್ಲಿ ಮೇರಿ ಕ್ರೋಮರ್ ಎಂಬ ಉಪಾಧ್ಯಾಯಿನಿಯು ಹುಡುಗಿಯರ ಸಂಘವನ್ನು ಆರಂಭಿಸಿದರು. ಹುಡುಗಿಗೆ ಎಕರೆಯ ಹತ್ತನೆಯ ಒಂದಂಶ, ಎಂದರೆ ನಾಲ್ಕು ಗುಂಟೆ. ಅದರಲ್ಲಿ ಟೊಮ್ಯಾಟೊ ಬೆಳೆದು, ಡಬ್ಬಿಗಳಲ್ಲಿ ಕೆಡದಂತೆ ತುಂಬಿ ಮಾರುವುದು. ನ್ಯಾಪ್ ಅವರು ಅದಕ್ಕೂ ಬೆನ್ನೆಲುಬಾದರು. ಈ ಗಂಡುಮಕ್ಕಳ ಹೆಣ್ಣುಮಕ್ಕಳ ಸಂಘಗಳೇ ಉತ್ತರದ ಸಂಸ್ಥಾನಗಳ ಅಂಥವೇ ಸಂಘಗಳೊಡನೆ ಕೂಡಿ, ನಾಲ್ಕೆಲೆಯ ಗುರುತುಳ್ಳ ಇಂದಿನ ಫೋರ್-ಎಚ್ ಸಂಘಗಳಾಗಿ ಬೆಳೆದವು.

ನ್ಯಾಪ್ ಅವರು 1911ನೆಯ ಏಪ್ರಿಲ್ 1ರಂದು, ತಮ್ಮ ಎಪ್ಪತ್ತೇಳನೆಯ ವಯಸ್ಸಿನಲ್ಲಿ, ವಾಷಿಂಗ್ಟನ್ನಿನಲ್ಲಿ ದೇಹವಿಟ್ಟರು. ಕಡೆಯವರೆಗೂ ಕಾಯಕ ಬಿಟ್ಟವರಲ್ಲ. ಅವರನ್ನು ಏಮ್ಸ್ ಪಟ್ಟಣದಲ್ಲಿ ಸಮಾಧಿ ಮಾಡಿದರು. ಅವರ ಮಗ ಬ್ರಾಡ್‌ಫರ್ಡ್ ತಂದೆಯ ಸ್ಥಾನಕ್ಕೆ ಬಂದರು. 1914ನೆಯ ಮೇ 8ರಂದು ಅಂಗೀಕೃತವಾದ ಸ್ಮಿತ್-ಲೀವರ್ ಶಾಸನವು ಕೃಷಿ ಕಾಲೇಜುಗಳ ಮೂಲಕ ಕೌಂಟಿ ಕೌಂಟಿಗೂ ಈ ಶಿಕ್ಷಣವನ್ನು ಶಾಶ್ವತಗೊಳಿಸಿತು. ಬೋಧನೆ, ಸಂಶೋಧನೆ, ವಿಸ್ತರಣೆ ಮೂರನ್ನೂ ಒಂದೇ ಸೂರಿನಡಿ ಕೂಡಿಸುವ ಅಮೆರಿಕದ ಆ ಮಾದರಿಯಲ್ಲಿಯೇ, ಟೆನೆಸ್ಸೀ ವಿಶ್ವವಿದ್ಯಾನಿಲಯದ ನೆರವಿನೊಂದಿಗೆ, 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ರೂಪುಗೊಂಡಿತು. ಅಲ್ಲಿಯ ಕೃಷಿಮೇಳಕ್ಕೆ ಹೋಗಿ, ಪ್ರಾತ್ಯಕ್ಷಿಕೆಯ ತಾಕುಗಳ ಬದುವಿನ ಮೇಲೆ ನಿಂತು ತೆನೆಯನ್ನು ಕೈಯಿಂದ ಮುಟ್ಟಿ ನೋಡಿ ಬಂದವರು ವಾಚಕರಲ್ಲಿ ಅನೇಕರಿರಬಹುದು.

ವಾಷಿಂಗ್ಟನ್ನಿನ ಕೃಷಿ ಇಲಾಖೆಗೆಂದು ಕಟ್ಟಿಸಿದ ಎರಡು ಭವನಗಳನ್ನು ರಾಜಬೀದಿಯ ಮೇಲಿನಿಂದ ಕೂಡಿಸುವ ಎರಡು ಕಮಾನುಗಳಿವೆ. ಒಂದಕ್ಕೆ ಜೇಮ್ಸ್ ವಿಲ್ಸನ್ನರ ಹೆಸರನ್ನೂ, ಇನ್ನೊಂದಕ್ಕೆ ನ್ಯಾಪ್ ಅವರ ಹೆಸರನ್ನೂ ಇಟ್ಟರು.