ಕನ್ನಡ ನುಡಿಗೆ ಕನ್ನಡಿ ಹಿಡಿದ ಕೇಶಿರಾಜ

ವಿದ್ಯಾರ್ಥಿ ಮಿತ್ರರೇ, ವ್ಯಾಕರಣದ ಪಾಠ ಎಂದೊಡನೆ ನಿಮ್ಮಲ್ಲಿ ಹಲವರ ಮುಖ ಬಾಡುವುದನ್ನು ನಾನು ಬಲ್ಲೆ. ನಾಮಪದ, ಕ್ರಿಯಾಪದ, ಅವ್ಯಯ, ಏಳು ವಿಭಕ್ತಿಗಳು, ಇವನ್ನೆಲ್ಲ ಕಲಿತು ಏನು ಪ್ರಯೋಜನವೆಂದು ಕೇಳುವವರೂ ಉಂಟು. ಅಂಥವರಿಗಾಗಿಯೇ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನ ಕಥೆಯನ್ನು ಇಲ್ಲಿ ಹೇಳುತ್ತೇನೆ.

ಕೇಶಿರಾಜನು 13ನೇ ಶತಮಾನದವನು. ಆತನದು ಕವಿಗಳ ಮನೆತನ. ತಾಯಿಯ ತಂದೆ ಕವಿ ಸುಮನೋಬಾಣ. ಯಶೋಧರ ಚರಿತೆಯನ್ನು ಬರೆದ ಜನ್ನನು ಸೋದರಮಾವ. ತಂದೆ ಮಲ್ಲಿಕಾರ್ಜುನನು ಹೊಯ್ಸಳ ದೊರೆ ಸೋಮೇಶ್ವರನಿಗಾಗಿ ಹಿಂದಿನ ಕವಿಗಳ ಪದ್ಯಗಳನ್ನು ಆಯ್ದು ಸೂಕ್ತಿಸುಧಾರ್ಣವ ಎಂಬ ಸಂಕಲನವನ್ನು ಸಿದ್ಧಪಡಿಸಿದನು. ಆ ಸೋಮೇಶ್ವರನು ನೆಲೆಸಿ ಆಳಿದ್ದು ಇಂದಿನ ತಮಿಳುನಾಡಿನ ಶ್ರೀರಂಗದ ಸಮೀಪದ ಕಣ್ಣನೂರಿನಲ್ಲಿ. ಅದಕ್ಕೂ ಬಹು ಹಿಂದೆ, 9ನೇ ಶತಮಾನದಲ್ಲಿಯೇ, ನೊಳಂಬ ಅರಸರ ಕನ್ನಡ ಶಾಸನಗಳು ನಮ್ಮ ಧರ್ಮಪುರಿಯಲ್ಲಿ ಹುಟ್ಟಿದ್ದವು. ಆದುದರಿಂದ ಈ ಸೀಮೆಯ ಮಕ್ಕಳಿಗೆ ಕೇಶಿರಾಜನು ದೂರದವನೇನೂ ಅಲ್ಲ.

ತಂದೆ ಪದ್ಯಗಳ ಸೊಗಸನ್ನು ಆಯ್ದರೆ, ಮಗನು ಅಂಥ ಪದ್ಯಗಳೊಳಗೆ ಅಡಗಿದ್ದ ನಿಯಮಗಳನ್ನು ಹುಡುಕಿದನು. ಆತನಿಗಿಂತ ಮೊದಲು ನಾಗವರ್ಮನು ಕನ್ನಡ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ಬರೆದಿದ್ದನು. ಕಾವ್ಯಾವಲೋಕನದ ಒಂದು ಭಾಗವಾಗಿ ಕನ್ನಡದಲ್ಲಿಯೂ ಬರೆದಿದ್ದನು. ಕೇಶಿರಾಜನು ಸುಮಾರು 1260ರಲ್ಲಿ ಕನ್ನಡಕ್ಕೆ ಕನ್ನಡದಲ್ಲಿಯೇ ಒಂದು ಸ್ವತಂತ್ರವಾದ, ವಿಸ್ತಾರವಾದ ವ್ಯಾಕರಣವನ್ನು ಕೊಟ್ಟನು. ಸೂತ್ರಗಳನ್ನು ಕಂದಪದ್ಯಗಳಲ್ಲಿ ಹೇಳಿ, ತಾನೇ ವಿವರಣೆ ಬರೆದು, ಉದಾಹರಣೆಗಳನ್ನು ಜೋಡಿಸಿದನು. ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂದು ಅದರಲ್ಲಿ ಎಂಟು ಪ್ರಕರಣಗಳಿವೆ. ಆಖ್ಯಾತವೆಂದರೆ ಕ್ರಿಯಾಪದ.

ಸಂಸ್ಕೃತ ವ್ಯಾಕರಣದ ಚೌಕಟ್ಟನ್ನು ಆತನು ಬಳಸಿಕೊಂಡದ್ದು ನಿಜ. ಆದರೆ ತೀರ್ಪಿಗಾಗಿ ಪಂಪ, ಪೊನ್ನ, ಅಸಗ, ಗಜಗ ಮೊದಲಾದ ಕವಿಗಳ ಪ್ರಯೋಗವನ್ನು ನೋಡಿದನು. ಕನ್ನಡಕ್ಕೇ ವಿಶಿಷ್ಟವಾದ ಗಮಕ ಸಮಾಸದಂಥ ಲಕ್ಷಣಗಳನ್ನು ಎತ್ತಿ ಹೇಳಿದನು. ಬಳಕೆಯಿಂದ ಜಾರಿಹೋಗುತ್ತಿದ್ದ ೞ ಅಕ್ಷರವುಳ್ಳ ಮಾತುಗಳನ್ನು ಪಟ್ಟಿ ಮಾಡಿದನು. ಮಳೆ, ಬಾಳೆ ಎಂಬ ಮಾತುಗಳಲ್ಲಿ ಹಿಂದೆ ಇದ್ದುದು ಆ ಅಕ್ಷರವೇ. ತಮಿಳನ್ನೂ ಕಲಿಯುವ ನೀವು ಆ ಧ್ವನಿಯನ್ನು ಇಂದಿಗೂ ಕೇಳುತ್ತೀರಿ.

ಪದದ ಜಾತಿಯನ್ನು ಗುರುತಿಸುವುದು ಅಷ್ಟು ಸುಲಭವಲ್ಲ. ಹತ್ತು ಮರ ಎಂದಾಗ ಹತ್ತು ಎಂಬುದು ಸಂಖ್ಯೆ. ಮರ ಹತ್ತು ಎಂದಾಗ ಅದೇ ಮಾತು ಕ್ರಿಯೆ. ಪಕ್ಕದ ಮಾತನ್ನು ನೋಡದೆ ನಿರ್ಣಯಿಸುವಂತಿಲ್ಲ. ಇನ್ನು ಪದಗಳ ಸಂಬಂಧವನ್ನು ನೋಡಿರಿ. ರಾಮನು ಮರದಿಂದ ಹಣ್ಣನ್ನು ಕಿತ್ತನು ಎಂಬ ವಾಕ್ಯದಲ್ಲಿ ಕಿತ್ತನು ಎಂಬ ಕ್ರಿಯಾಪದವೇ ಮನೆಯ ಯಜಮಾನ. ಕಿತ್ತವನು ಯಾರು, ಏನನ್ನು, ಎಲ್ಲಿಂದ ಎಂದು ಕೇಳಿದರೆ ಉಳಿದ ಪದಗಳು ಒಂದೊಂದಾಗಿ ಬಂದು ಅದಕ್ಕೆ ಕೂಡಿಕೊಳ್ಳುತ್ತವೆ. ಈ ಸಂಬಂಧಕ್ಕೆ ಕಾರಕವೆಂದು ಹೆಸರು. ಹಣ್ಣನ್ನು ಮರದಿಂದ ರಾಮನು ಕಿತ್ತನು ಎಂದು ಪದಗಳನ್ನು ಅದಲು ಬದಲು ಮಾಡಿದರೂ ಅರ್ಥ ಕೆಡುವುದಿಲ್ಲ. ಕಾರಣ, ವಿಭಕ್ತಿ ಪ್ರತ್ಯಯ ತನ್ನ ಪದವನ್ನು ಬಿಟ್ಟು ಹೋಗುವುದಿಲ್ಲ.

ಹಾಗೆಂದು ಪ್ರತ್ಯಯವೊಂದನ್ನೇ ನಂಬಿ ಕೂರುವಂತೆಯೂ ಇಲ್ಲ. ಮರವನ್ನು ಹತ್ತಿದನು ಎನ್ನುತ್ತೇವೆ, ಮರಕ್ಕೆ ಹತ್ತಿದನು ಎಂದೂ ಅನ್ನುತ್ತೇವೆ. ಒಂದು ವಿಭಕ್ತಿಯ ಸ್ಥಾನದಲ್ಲಿ ಇನ್ನೊಂದು ಬರುವ ಈ ವಿಭಕ್ತಿ ಪಲ್ಲಟವನ್ನೂ ಕೇಶಿರಾಜನು ಗಮನಿಸಿದ್ದನು.

ಗಣಕಯಂತ್ರಕ್ಕೆ ಮನುಷ್ಯರ ಭಾಷೆಯನ್ನು ಕಲಿಸುವ ಒಂದು ಬಗೆಯಲ್ಲಿ ಇದೇ ಎರಡು ಕೆಲಸಗಳನ್ನು ಮಾಡುತ್ತಾರೆ. ಮೊದಲು ಪ್ರತಿಯೊಂದು ಪದಕ್ಕೂ ನಾಮ, ಕ್ರಿಯೆ, ಅವ್ಯಯ ಎಂಬಂತೆ ಗುರುತು ಹಚ್ಚುತ್ತಾರೆ. ಬಳಿಕ ಯಾವ ಪದ ಯಾವುದಕ್ಕೆ ಅಧೀನವೆಂದು ಗೆರೆ ಎಳೆಯುತ್ತಾರೆ. 1995ರಲ್ಲಿ ವಿನೀತ ಚೈತನ್ಯ, ರಾಜೀವ ಸಂಗಲ್ ಮೊದಲಾದವರು ಪಾಣಿನಿಯ ಕಾರಕ ವಿಚಾರವನ್ನು ಯಂತ್ರಕ್ಕೆ ಅಳವಡಿಸುವ ಬಗೆಯನ್ನು ಒಂದು ಗ್ರಂಥದಲ್ಲಿ ವಿವರಿಸಿದರು. ಆ ದಾರಿಯಲ್ಲಿ ನಡೆದವರು ಹಿಂದಿ ಮೊದಲಾದ ಭಾಷೆಗಳ ವಾಕ್ಯಗಳಲ್ಲಿ ಕರ್ತೃವಿಗೆ ಕೆ1, ಕರ್ಮಕ್ಕೆ ಕೆ2 ಎಂದು ಗುರುತು ಹಾಕುತ್ತಾರೆ. ಹಸು ಹುಲ್ಲು ಮೇಯಿತು ಎಂಬಲ್ಲಿ ಎರಡು ಪದಗಳಿಗೂ ಪ್ರತ್ಯಯವಿಲ್ಲ. ಮೇಯುವುದು ಹಸುವೇ ಹೊರತು ಹುಲ್ಲಲ್ಲ ಎಂಬುದು ಮೂರು ವರ್ಷದ ಮಗುವಿಗೂ ಗೊತ್ತು, ಯಂತ್ರಕ್ಕೆ ತಾನಾಗಿಯೇ ಗೊತ್ತಿರುವುದಿಲ್ಲ. ಈ ಬಗೆಯಲ್ಲಿ ಬಲ್ಲವರು ಗುರುತು ಹಾಕಿಕೊಟ್ಟ ಸಾವಿರಾರು ವಾಕ್ಯಗಳನ್ನು ನೋಡಿ ಅದು ಕಲಿಯುತ್ತದೆ. ಬಳಕೆಯನ್ನು ಕಂಡು ನಿಯಮವನ್ನು ಅರಿಯುವುದೇ ಅಲ್ಲವೇ ಕೇಶಿರಾಜನೂ ಹಿಡಿದ ದಾರಿ?

ಕೇಶಿರಾಜನು ಕವಿಯೂ ಆಗಿದ್ದನು. ಚೋಳಪಾಲಕ ಚರಿತ, ಸುಭದ್ರಾಹರಣ, ಪ್ರಬೋಧಚಂದ್ರ, ಕಿರಾತ ಎಂಬ ಕಾವ್ಯಗಳನ್ನು ಬರೆದನು. ಅವುಗಳಲ್ಲಿ ಒಂದೂ ನಮಗೆ ಉಳಿದು ಬಂದಿಲ್ಲ. ಆತನು ಮಾದರಿಯೆಂದು ಹೆಸರಿಸಿದ ಗಜಗನ ಕೃತಿಗಳೂ, ಅಸಗನ ಕನ್ನಡ ಕಾವ್ಯವೂ ಕಾಲಗರ್ಭದಲ್ಲಿ ಸೇರಿಹೋದವು. ಉಳಿದದ್ದು ವ್ಯಾಕರಣ. ಓಲೆಗರಿಗಳಲ್ಲಿದ್ದ ಅದನ್ನು 1872ರಲ್ಲಿ ರೆವರೆಂಡ್ ಕಿಟ್ಟೆಲರು ನಿಷ್ಠೂರ ಸಂಜಯ್ಯನ ಟೀಕೆಯೊಡನೆ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದರು. ಹಳಗನ್ನಡವನ್ನು ಓದಬಯಸುವವರಿಗೆ ಇಂದಿಗೂ ಅದು ಕೈಹಿಡಿದು ನಡೆಸುವ ಗ್ರಂಥ.

ಪೋಷಕರಲ್ಲಿ ಒಂದು ಮಾತು. ನಮ್ಮ ಸೀಮೆಯ ಮಕ್ಕಳು ಮನೆಯಲ್ಲಿ ಅಮ್ಮನಿಗೆ ಎನ್ನುತ್ತಾರೆ, ಬೀದಿಯಲ್ಲಿ ಅಮ್ಮಾವುಕ್ಕು ಎನ್ನುತ್ತಾರೆ. ಎರಡರಲ್ಲಿಯೂ ಚತುರ್ಥಿಯನ್ನು ತಪ್ಪದೆ ಹಚ್ಚುತ್ತಾರೆ. ಕಲಿಸದೆಯೇ ಬಂದ ಆ ಸಂಪತ್ತನ್ನು ಅರಿತು ಬಳಸುವಂತೆ ಮಾಡುವುದೇ ವ್ಯಾಕರಣದ ಪಾಠ. ಆದರೆ ಮನೆಯಲ್ಲಿ ಕನ್ನಡವನ್ನು ಆಡದಿದ್ದರೆ ನಾವು ತರಗತಿಯಲ್ಲಿ ಏನನ್ನು ತಾನೇ ಅರಿಯುವಂತೆ ಮಾಡಬಲ್ಲೆವು?

ಮಕ್ಕಳೇ, ಇಂದು ರಾತ್ರಿ ಊಟದ ಹೊತ್ತಿನಲ್ಲಿ ಅಜ್ಜಿ ಆಡಿದ ಒಂದು ವಾಕ್ಯವನ್ನು ಬರೆದುಕೊಳ್ಳಿರಿ. ಕ್ರಿಯಾಪದವನ್ನು ಹುಡುಕಿರಿ. ಯಾರು, ಏನನ್ನು, ಯಾರಿಗೆ, ಎಲ್ಲಿ ಎಂದು ಅದನ್ನು ಕೇಳಿ ಗೆರೆಗಳನ್ನು ಎಳೆಯಿರಿ. ನಾಳೆ ತರಗತಿಗೆ ತಂದು ತೋರಿಸಿರಿ.