ಮಾಲ್ಟಾ ದ್ವೀಪದ ವಕೀಲ ಹರ್ಬರ್ಟ್ ಗನಾಡೊ

ಪವಿತ್ರ ಬೈಬಲಿನಲ್ಲಿ ಪ್ರೇಷಿತರ ಕಾರ್ಯಕಲಾಪಗಳನ್ನು ಓದಿದವರಿಗೆ ಮಾಲ್ಟಾ ಅಪರಿಚಿತವಾದ ನಾಡಲ್ಲ. ಸೆರೆಯಾಳಾಗಿ ರೋಮಿಗೆ ಸಾಗುತ್ತಿದ್ದ ಸಂತ ಪೌಲರ ಹಡಗು ಬಿರುಗಾಳಿಗೆ ಸಿಕ್ಕಿ ಒಡೆದುಹೋದಾಗ, ತೊಯ್ದು ನಡುಗುತ್ತ ದಡ ಸೇರಿದವರಿಗೆಲ್ಲ ಬೆಂಕಿ ಕಾಯಿಸಿ ಆದರಿಸಿದವರು ಆ ದ್ವೀಪದ ಜನ. ಸಿಸಿಲಿಯ ದಕ್ಷಿಣಕ್ಕಿರುವ ಈ ದ್ವೀಪಸಮೂಹದ ವಿಸ್ತೀರ್ಣ ಒಟ್ಟು 316 ಚದರ ಕಿಲೋಮೀಟರು. ನಮ್ಮ ಒಂದು ಸಾಧಾರಣ ತಾಲ್ಲೂಕಿಗಿಂತಲೂ ಕಿರಿದು. ಅಲ್ಲಿಯ ಜನರಾಡುವ ಮಾತು ಅರಬ್ಬೀ ಮೂಲದ್ದು, ಬರೆಯುವ ಲಿಪಿ ರೋಮನ್, ಧರ್ಮ ಕಥೋಲಿಕ. ಅವರು ದೇವರನ್ನು ಅಲ್ಲಾ ಎಂದೇ ಕರೆಯುತ್ತಾರೆ. ತಪಸ್ಸುಕಾಲಕ್ಕೆ ಅವರಲ್ಲಿ ರಂದಾನ್ ಎಂದೇ ಹೆಸರು. ಇದನ್ನು ಕೇಳಿ ನಮ್ಮಲ್ಲಿ ಹಲವರು ಹುಬ್ಬೇರಿಸಬಹುದು. ಆದರೆ ಸಂತ ಪೌಲರ ಕಾಲದಿಂದಲೂ ತಮ್ಮ ವಿಶ್ವಾಸವನ್ನು ಎಣಿಸಿಕೊಂಡು ಬಂದಿರುವ ಆ ಜನರಿಗೆ ಅದರಲ್ಲಿ ವಿಚಿತ್ರವೇನೂ ಕಾಣದು.

ಹರ್ಬರ್ಟ್ ಗನಾಡೊ ಅವರು ಜನಿಸಿದ್ದು 1906ರಲ್ಲಿ, ರಾಜಧಾನಿ ವಲೆಟ್ಟಾದ ಕೋಟೆಗೋಡೆಗಳ ಹೊರಗಿರುವ ಫ್ಲೋರಿಯಾನಾ ಎಂಬ ಊರಿನಲ್ಲಿ. ಮಾಲ್ಟಾ ಆಗ ಬ್ರಿಟಿಷರ ವಸಾಹತು ಮತ್ತು ಅವರ ನೌಕಾಪಡೆಯ ನೆಲೆ. ಆದರೆ ನ್ಯಾಯಾಲಯಗಳ ಭಾಷೆ ಮಾತ್ರ ಶತಮಾನಗಳಿಂದ ಇಟಾಲಿಯನ್ ಆಗಿತ್ತು. ಕಾನೂನಿನ ಬುನಾದಿಯೂ ರೋಮನ್ ನ್ಯಾಯಶಾಸ್ತ್ರವೇ. ಮನೆಯಲ್ಲಿ ಮಾಲ್ಟೀಸ್, ನ್ಯಾಯಾಲಯದಲ್ಲಿ ಇಟಾಲಿಯನ್, ಸರ್ಕಾರದೊಡನೆ ಇಂಗ್ಲಿಷ್, ದೇವಾಲಯದಲ್ಲಿ ಲತೀನ್: ಹೀಗೆ ನಾಲ್ಕು ಭಾಷೆಗಳ ನಡುವೆ ಬೆಳೆದು ಅವರು ವಕೀಲರಾದರು.

ಎರಡೂವರೆ ಲಕ್ಷದಷ್ಟು ಜನರಿದ್ದ ಆ ದ್ವೀಪದಲ್ಲಿ ವಕೀಲನಾಗಿ ಬಾಳುವುದು ಸುಲಭದ ಮಾತಲ್ಲವೆಂದು ನನ್ನ ಅನಿಸಿಕೆ. ಕಕ್ಷಿಗಾರನು ನೆರೆಯವನಾಗಿದ್ದರೆ ಎದುರಾಳಿಯು ನಂಟನಾಗಿರುತ್ತಾನೆ. ಪ್ರತಿಯೊಂದು ಧರ್ಮಕೇಂದ್ರಕ್ಕೂ ತನ್ನದೇ ಆದ ಸಂತರ ಹಬ್ಬ, ತನ್ನದೇ ಆದ ವಾದ್ಯಮೇಳ. ಕೆಲವೆಡೆ ಒಂದೇ ಊರಿನಲ್ಲಿ ಎರಡು ಮೇಳಗಳಿದ್ದು ಅವುಗಳೊಳಗೆ ಬದ್ಧ ಪೈಪೋಟಿ. (ಈ ವಿಷಯದಲ್ಲಿ ನಮಗೂ ಮಾಲ್ಟಾದವರಿಗೂ ಬಹಳ ದೂರವಿಲ್ಲ!) ಬೆಳಿಗ್ಗೆ ನ್ಯಾಯಾಲಯದಲ್ಲಿ ಎದುರಿಸಿದ ವ್ಯಕ್ತಿಯ ಪಕ್ಕದಲ್ಲಿಯೇ ಸಂಜೆ ಮೊಣಕಾಲೂರಿ ಜಪಸರ ಹೇಳಬೇಕಾದ ಸಮಾಜವದು. ಅಂಥಲ್ಲಿ ಸಂಗ್ರಹಿಸಿದ ಮನುಷ್ಯಸ್ವಭಾವದ ಜ್ಞಾನವೇ ಮುಂದೆ ಅವರ ಬರವಣಿಗೆಗೆ ಬಂಡವಾಳವಾಯಿತು.

ವೃತ್ತಿಯ ಜೊತೆಗೆ ಅವರ ಮನಸ್ಸು ಹರಿದದ್ದು ಎರಡು ಕಡೆಗೆ. ಒಂದು, ಶ್ರೀಸಾಮಾನ್ಯರ ಪ್ರೇಷಿತಕಾರ್ಯ; ಇನ್ನೊಂದು, ಲೇಖನಿ. ಮಾಲ್ಟಾದ ಕಥೋಲಿಕ ಕ್ರಿಯಾಸಂಘಕ್ಕೆ ಅವರು ಅಧ್ಯಕ್ಷರಾದರು. ಆ ಸಂಘವು 1928ರಲ್ಲಿ ಆರಂಭಿಸಿದ್ದ ‘ಲೇಹೆನ್ ಇಸ್-ಸೆವ್ವಾ’, ಅಂದರೆ ಸತ್ಯದ ದನಿ, ಎಂಬ ಪತ್ರಿಕೆಗೆ ಸಂಪಾದಕರಾದರು. ದ್ವಿತೀಯ ವ್ಯಾಟಿಕನ್ ಮಹಾಸಭೆಗೆ ಇನ್ನೂ ಮೂರು ದಶಕಗಳಿದ್ದ ಕಾಲವದು. ಪ್ರಾರ್ಥಿಸುವುದು, ಪ್ರಸಂಗ ಕೇಳುವುದು, ಕಾಣಿಕೆ ಹಾಕುವುದು, ಇಷ್ಟೇ ಶ್ರೀಸಾಮಾನ್ಯರ ಕರ್ತವ್ಯವೆಂದು ಬಹುಮಂದಿ ಗುರುಗಳೂ ನಂಬಿದ್ದರು. ಗೃಹಸ್ಥನೊಬ್ಬನು ಧರ್ಮಸಭೆಯ ಪರವಾಗಿ ಸಭೆಗಳಲ್ಲಿ ಮಾತನಾಡುವುದು, ವಾರವಾರವೂ ಬರೆಯುವುದು ಸಣ್ಣ ಹೊಣೆಯಾಗಿರಲಿಲ್ಲ.

ಅಷ್ಟರಲ್ಲಿ ಭಾಷೆಯ ಪ್ರಶ್ನೆ ಕಾವೇರಿತು. ಮುಸ್ಸೊಲಿನಿಯ ಇಟಲಿಯ ಕುರಿತು ಬ್ರಿಟಿಷರ ಶಂಕೆ ಹೆಚ್ಚಿದಂತೆ, ಇಟಾಲಿಯನ್ ಭಾಷೆಯನ್ನು ಪ್ರೀತಿಸುವವರೆಲ್ಲ ಸಂಶಯಕ್ಕೆ ಗುರಿಯಾದರು. 1934ರಲ್ಲಿ ನ್ಯಾಯಾಲಯಗಳಲ್ಲಿ ಮಾಲ್ಟೀಸ್ ಭಾಷೆ ಬಂದಿತು. ಜನರ ಮಾತಿಗೆ ಸಂದ ನ್ಯಾಯವೆಂದು ಇದನ್ನು ಒಪ್ಪಲೇಬೇಕು; ಆದರೆ ಅದನ್ನು ತಂದವರ ಉದ್ದೇಶ ಅಷ್ಟೇ ಆಗಿರಲಿಲ್ಲ. 1940ರ ಜೂನ್ 10ರಂದು ಇಟಲಿ ಯುದ್ಧಕ್ಕಿಳಿಯಿತು. ಮರುದಿನವೇ ಮಾಲ್ಟಾದ ಮೇಲೆ ಬಾಂಬುಗಳು ಬಿದ್ದವು. ಆ ಹೊತ್ತಿನಲ್ಲಿ ಸರ್ಕಾರವು ಬಂಧಿಸಿದವರಲ್ಲಿ ಗನಾಡೊ ಒಬ್ಬರು. ರಾಷ್ಟ್ರೀಯ ಪಕ್ಷದ ಮುಖಂಡ ಎನ್ರಿಕೊ ಮಿಜ್ಜಿ ಇನ್ನೊಬ್ಬರು. ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಆರ್ತುರೊ ಮೆರ್ಚಿಯೇಕ ಅವರೂ ಹುದ್ದೆಯನ್ನು ತ್ಯಜಿಸಬೇಕಾಗಿ ಬಂದು, ಬಂದಿಗಳ ಸಾಲಿಗೆ ಸೇರಿದರು.

ದೋಷಾರೋಪಣೆ ಇಲ್ಲ, ವಿಚಾರಣೆ ಇಲ್ಲ. ಯುದ್ಧಕಾಲದಲ್ಲಿ ಸರ್ಕಾರಕ್ಕೆ ಭಯವಿರುವುದು ಸಹಜ; ಮುತ್ತಿಗೆಗೊಳಗಾದ ಕೋಟೆಯ ಅಧಿಪತಿಯ ಕಷ್ಟವನ್ನು ದೂರದಲ್ಲಿ ಕುಳಿತು ಹಗುರವಾಗಿ ಅಳೆಯಬಾರದು. ಆದರೂ ಒಂದು ಸಾಹಿತ್ಯವನ್ನು ಪ್ರೀತಿಸಿದವನು ಶತ್ರುವಿನ ಸೇವಕನೆಂದು ಹೇಗಾದಾನು? ಜೀವಮಾನವೆಲ್ಲ ಸಾಕ್ಷ್ಯ, ವಾದ, ತೀರ್ಪುಗಳ ನಡುವೆ ಬದುಕಿದವರಿಗೆ ತಮ್ಮ ಪಾಲಿಗೆ ಮಾತ್ರ ಅವುಗಳಲ್ಲಿ ಒಂದೂ ದೊರೆಯಲಿಲ್ಲ.

1942ರ ಫೆಬ್ರವರಿಯಲ್ಲಿ ಇವರನ್ನು ಆಫ್ರಿಕಾಕ್ಕೆ ಗಡೀಪಾರು ಮಾಡಲು ಸರ್ಕಾರ ನಿರ್ಧರಿಸಿತು. ಬಂದಿಗಳು ನ್ಯಾಯಾಲಯದ ಮೊರೆಹೊಕ್ಕರು. ಅವರ ಪರವಾಗಿ ಆಡಳಿತ ಮಂಡಳಿಯಲ್ಲಿ ಎದ್ದುನಿಂತವರು ಹಿಂದಿನ ಪ್ರಧಾನಿ ಸರ್ ಉಗೊ ಮಿಫ್ಸುದ್, ಅವರೂ ವಕೀಲರೇ. ಫೆಬ್ರವರಿ 9ರಂದು, ತನ್ನ ನೆಲದಲ್ಲಿ ಹುಟ್ಟಿದವನನ್ನು ಆ ನೆಲದಿಂದ ಹೊರಹಾಕುವ ಅಧಿಕಾರ ಯಾರಿಗೂ ಇಲ್ಲವೆಂದು ವಾದಿಸುತ್ತಿದ್ದಾಗಲೇ ಅವರು ಕುಸಿದುಬಿದ್ದರು. ಫೆಬ್ರವರಿ 11ರಂದು ತೀರಿಕೊಂಡರು. ನಡುವಿನ ಫೆಬ್ರವರಿ 10 ಮಾಲ್ಟಾದಲ್ಲಿ ಸಂತ ಪೌಲರ ಹಡಗು ಒಡೆದು ಅವರು ದಡ ಸೇರಿದುದರ ಮಹಾ ಹಬ್ಬ. ಅದೇ ವಾರ, 40ಕ್ಕೂ ಹೆಚ್ಚು ಮಂದಿಯನ್ನು ಹೊತ್ತ ಹಡಗು ಬಂದರನ್ನು ಬಿಟ್ಟಿತು. ಈಜಿಪ್ಟಿನ ಮೂಲಕ ಅವರನ್ನು ಉಗಾಂಡಾಕ್ಕೆ ಒಯ್ದರು. ಗಡೀಪಾರು ಕಾನೂನುಬಾಹಿರವೆಂದು ಮಾಲ್ಟಾದ ಮೇಲ್ಮನವಿ ನ್ಯಾಯಾಲಯವು ಮೇ ತಿಂಗಳಲ್ಲಿ ತೀರ್ಪಿತ್ತಿತು. ಬಂದಿಗಳು ಆಗ ಸಮಭಾಜಕ ವೃತ್ತದ ನಾಡಿನಲ್ಲಿದ್ದರು. ತೀರ್ಪು ಅವರನ್ನು ಹಿಂದಕ್ಕೆ ಕರೆತರಲಿಲ್ಲ.

ಮನೆಯವರನ್ನು ದ್ವೀಪದಲ್ಲಿಯೇ ಬಿಟ್ಟುಹೋದ ಗನಾಡೊ ಅವರಿಗೆ ಮುಂದಿನ ತಿಂಗಳುಗಳು ಹೇಗೆ ಕಳೆದಿರಬಹುದೆಂದು ಊಹಿಸಿಕೊಳ್ಳಿ. ಏಪ್ರಿಲ್ 9ರಂದು ಮೊಸ್ತಾ ಊರಿನ ದೊಡ್ಡ ದೇವಾಲಯದ ಗುಮ್ಮಟವನ್ನು ಸೀಳಿಕೊಂಡು ಬಾಂಬೊಂದು ಒಳಗೆ ಬಿದ್ದಿತು; ಪ್ರಾರ್ಥನೆಗೆ ಸೇರಿದ್ದ ಜನ ಮುನ್ನೂರರ ಆಸುಪಾಸು; ಬಾಂಬು ಸಿಡಿಯಲಿಲ್ಲ. ಏಪ್ರಿಲ್ 15ರಂದು ಇಡೀ ದ್ವೀಪಕ್ಕೆ ಜಾರ್ಜ್ ಕ್ರಾಸ್ ಎಂಬ ಶೌರ್ಯಪದಕ ದೊರೆಯಿತು. ಬೇಸಿಗೆಯಲ್ಲಿ ಹಿಟ್ಟಿಗೂ ಎಣ್ಣೆಗೂ ಗತಿಯಿಲ್ಲದೆ ಶರಣಾಗತಿಯ ಮಾತು ಕೇಳಿಬರುತ್ತಿದ್ದಾಗ, ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬದಂದೇ, ಒಹಾಯೊ ಎಂಬ ತೈಲನೌಕೆ ಮುಳುಗುವ ಸ್ಥಿತಿಯಲ್ಲಿ ಬಂದರು ಸೇರಿತು. ತನ್ನ ಜನ ಸಾವಿನ ಬಾಯಲ್ಲಿದ್ದಾಗ ಅವರ ನಡುವೆ ಇರಲಾಗದಿದ್ದುದು ಆ ಸೆರೆವಾಸದ ಅತಿ ಕಠಿಣವಾದ ಭಾಗವೆಂದು ನಾನು ಭಾವಿಸುತ್ತೇನೆ.

ಅವರು ಹಿಂದಿರುಗಿದ್ದು 1945ರಲ್ಲಿ. ಮಿಜ್ಜಿ ಅವರು 1950ರಲ್ಲಿ ಪ್ರಧಾನಿಯಾಗಿ ಕೆಲವೇ ತಿಂಗಳಲ್ಲಿ ನಿಧನರಾದರು. ಗನಾಡೊ ಅವರೂ ರಾಜಕೀಯಕ್ಕೆ ಇಳಿದರು. ರಾಷ್ಟ್ರೀಯ ಪಕ್ಷದಿಂದ ಬೇರ್ಪಟ್ಟು ಪ್ರಜಾಸತ್ತಾತ್ಮಕ ರಾಷ್ಟ್ರೀಯ ಪಕ್ಷವನ್ನು ಕಟ್ಟಿದರು. 1962ರ ಚುನಾವಣೆಯಲ್ಲಿ ಅದಕ್ಕೆ 50ರಲ್ಲಿ 4 ಸ್ಥಾನ ಲಭಿಸಿತು. ಸ್ವಾತಂತ್ರ್ಯಕ್ಕೆ ಆತುರ ಸಲ್ಲದೆಂಬುದು ಅವರ ನಿಲುವು. ಬ್ರಿಟಿಷರ ಕೈಯಲ್ಲಿ ಅಷ್ಟೆಲ್ಲ ಅನುಭವಿಸಿದವರಿಂದ ಇಂತಹ ನಿಲುವನ್ನು ಯಾರೂ ನಿರೀಕ್ಷಿಸುವುದಿಲ್ಲ. ದ್ವೇಷವನ್ನು ರಾಜಕೀಯಕ್ಕೆ ಬೆರೆಸಲಿಲ್ಲವೆಂಬುದಕ್ಕೆ ಇದೇ ಸಾಕ್ಷಿ. ಅವರ ಎಣಿಕೆ ಸರಿಯಾಗಿತ್ತೇ ಎಂಬುದು ಬೇರೆ ಮಾತು. 1964ರ ಸೆಪ್ಟೆಂಬರ್ 21ರಂದು ಮಾಲ್ಟಾ ಸ್ವತಂತ್ರವಾಯಿತು. 1966ರ ಚುನಾವಣೆಯಲ್ಲಿ ಆ ಪಕ್ಷಕ್ಕೆ ಒಂದು ಸ್ಥಾನವೂ ಸಿಗಲಿಲ್ಲ.

ರಾಜಕೀಯದಲ್ಲಿ ಸೋತವರಿಗೆ ಲೇಖನಿ ಉಳಿದಿತ್ತು. 1974ರಿಂದ 1977ರವರೆಗೆ ನಾಲ್ಕು ಸಂಪುಟಗಳಲ್ಲಿ ಅವರ ನೆನಪುಗಳು ಪ್ರಕಟವಾದವು. ಹೆಸರು ‘ರಾಯ್ತ್ ಮಾಲ್ಟಾ ತಿನ್‌ಬಿಡೆಲ್’. ಮಾಲ್ಟಾ ಬದಲಾಗುತ್ತಿರುವುದನ್ನು ಕಂಡೆ ಎಂದು ಅದರ ಅರ್ಥ. ಇಟಾಲಿಯನ್ ಪ್ರೀತಿಯ ಸಂಶಯದಿಂದ ಸೆರೆ ಸೇರಿದ ವಕೀಲರು ಇದನ್ನು ಬರೆದದ್ದು ಇಟಾಲಿಯನ್ನಿನಲ್ಲಲ್ಲ, ಇಂಗ್ಲಿಷಿನಲ್ಲೂ ಅಲ್ಲ. ಬೀದಿಯ ಜನರಾಡುವ ಮಾಲ್ಟೀಸ್ ಭಾಷೆಯಲ್ಲಿ. ಬಾಲ್ಯದ ಬೀದಿ, ಧರ್ಮಕೇಂದ್ರದ ಹಬ್ಬ, ನ್ಯಾಯಾಲಯ, ಚುನಾವಣೆ, ಸೆರೆಮನೆ, ಉಗಾಂಡಾದ ಶಿಬಿರ ಎಲ್ಲವೂ ಅದರಲ್ಲಿವೆ. ಜನ ಅದನ್ನು ಮನೆಮನೆಗಳಲ್ಲಿ ಓದಿದರು. ಮುಂದೆ ಅದು ಇಂಗ್ಲಿಷಿಗೂ ಅನುವಾದವಾಯಿತು.

1979ರ ಮಾರ್ಚ್ 31ರಂದು ಬ್ರಿಟಿಷ್ ಸೇನೆಯ ಒಪ್ಪಂದ ಮುಗಿದು, ನೂರೆಂಬತ್ತು ವರ್ಷಗಳಷ್ಟು ಕಾಲ ಅಲ್ಲಿ ನೆಲೆಯೂರಿದ್ದವರ ಕೊನೆಯ ಹಡಗು ಮಾಲ್ಟಾದ ಬಂದರನ್ನು ತೆರವು ಮಾಡಿತು. ಅದೇ ವರ್ಷ ಗನಾಡೊ ಅವರು ನಿಧನ ಹೊಂದಿದರು. ನಾಲ್ಕನೆಯ ಸಂಪುಟ ಎರಡು ವರ್ಷ ಮುಂಚೆಯೇ ಅಚ್ಚಾಗಿದ್ದುದರಿಂದ ಆ ಬದಲಾವಣೆಯೊಂದು ಅದರಲ್ಲಿಲ್ಲ.